ಗದಿಗೆಪ್ಪನ ಪಾಲಿನ ಬಿಸಿಲು

ಮುಂಬಯಿಯಲ್ಲಿ ಕರೆಂಟ್ ಹೋಗುವುದಿಲ್ಲ. ಗದಿಗೆಪ್ಪನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ. ಧಾರವಾಡದಲ್ಲಾಗಿದ್ದರೆ ಅವನ ಬ್ಯಾಟರಿಗೆ ಓಣಿಯ ಹೆಂಗಸರು ಆರತಿ ಎತ್ತುತ್ತಿದ್ದರು. ಮಲಾಡಿನ ಬಿಲ್ಡಿಂಗಿನವರು ಮಾತ್ರ ಏಪ್ರಿಲ್ ತಿಂಗಳಲ್ಲಿ ಕಂಬಳಿ ಹೊದ್ದವನನ್ನು ನೋಡುವಂತೆ ಅವನನ್ನು ನೋಡುತ್ತಿದ್ದರು.

ಗದಿಗೆಪ್ಪ ಏಳನೇ ಇಯತ್ತೆಗೆ ಶಾಲೆ ಬಿಟ್ಟ ಫಿಟ್ಟರ್. ಗುಜರಿಯಲ್ಲಿ ಸಿಕ್ಕ ಸೋಲಾರ್ ಪ್ಲೇಟನ್ನು ದೀಪಾವಳಿಯ ಹೊತ್ತಿಗೆ ಬಿಲ್ಡಿಂಗಿನ ನೆತ್ತಿಯ ಗಚ್ಚಿಯ ಮೇಲೆ ನಿಲ್ಲಿಸಿ, ಅಲ್ಲಿಂದ ವೈರು ಇಳಿಸಿ, ಮಂಚದ ಕೆಳಗಿನ ಲಾರಿ ಬ್ಯಾಟರಿಗೆ ಜೋಡಿಸಿದ್ದ. ಮೋಡದ ದಿನಕ್ಕೆ ಇರಲೆಂದು ಮನೆಯ ಲೈನಿಗೂ ಒಂದು ಚಾರ್ಜರ್ ಹಚ್ಚಿದ್ದ. ಅದು ಯಾವಾಗಲೂ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಬೆಳಿಗ್ಗೆ ಏಳರ ಲೋಕಲ್ಲಿಗೆ ಹೋಗಿ ಕತ್ತಲಾದ ಮೇಲೆ ಬರುವ ಗದಿಗೆಪ್ಪ ಬ್ಯಾಟರಿ ಮೀಟರಿನ ಮುಳ್ಳು ನೋಡುತ್ತಿದ್ದ. ಯಾವತ್ತೂ ಫುಲ್. "ಎಲ್ಲಾ ಸೂರ್ಯಪ್ಪನ ಪುಣ್ಯಾ" ಎಂದು ಹೆಂಡತಿ ಮಲ್ಲವ್ವನ ಮುಂದೆ ಮೀಸೆ ತಿರುವುತ್ತಿದ್ದ.

ಇದನ್ನು ಸಹಿಸದವನು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಸತ್ಯಮೂರ್ತಿ. ಬೆಂಗಳೂರಿನ ಬಿ.ಎಸ್ಸಿ., ಬಾಂದ್ರಾದಲ್ಲಿ ಕುರ್ಚಿಯ ಕೆಲಸ. ಏಳನೇ ಇಯತ್ತೆಯವನ ತಲೆಯಲ್ಲಿ ಸೈನ್ಸ್ ಇರಬಹುದೆಂಬುದೇ ಅವನಿಗೆ ಅವಮಾನ. ಗದಿಗೆಪ್ಪನಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ನೋಟೀಸು ಅಂಟಿಸಿ, ಆಮೇಲೆ ತಾನೇ ಬಂದು ಅರ್ಥ ಹೇಳಿದ.

"ಕರೆಂಟೇ ಹೋಗದ ಊರಲ್ಲಿ ಇದು ಯಾತಕ್ರೀ? ಗಚ್ಚಿ ಎಲ್ಲರದ್ದು. ಭಾನುವಾರ ಸಂಜೆಯೊಳಗೆ ಇಳಿಸಿ, ಇಲ್ದಿದ್ರೆ ಗುಜರಿಗೆ ಹಾಕೋಕೆ ಭಂಗಾರ್‌ವಾಲಾನ ಕರೆಸ್ತೀನಿ."

ಗದಿಗೆಪ್ಪನ ಮೈ ಉರಿಯಿತು. ಆದರೆ ಅದೇ ದಿನ ಗೇಟಿನ ಮೇಲೆ ಇನ್ನೊಂದು ನೋಟೀಸು ಬಿತ್ತು: ಕೇಬಲ್ ಕೆಲಸದ ನಿಮಿತ್ತ ಭಾನುವಾರ ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇಲ್ಲ. ಮಗನ ಮದುವೆ ಗೊತ್ತಾದವನಂತೆ ಗದಿಗೆಪ್ಪ ಬಿಲ್ಡಿಂಗಿಗೆಲ್ಲ ಪೇಡಾ ಹಂಚಿದ.

ಭಾನುವಾರ ಸೂರ್ಯ ಹುಟ್ಟುವ ಮೊದಲೇ ಗಚ್ಚಿ ಹತ್ತಿ ಪ್ಲೇಟು ಒರೆಸಿದ. ಧೂಳೇ ಇರಲಿಲ್ಲ. ಸಣ್ಣಗೆ ಜೀರಿಗೆಯ ವಾಸನೆ. ಅಂಚಿನಲ್ಲಿ ಇರುವೆಯ ಸಾಲು. 'ಇರಿವಿಗೂ ಕರೆಂಟ್ ಬೇಕಾಗೇದ' ಎಂದುಕೊಂಡು ಇಳಿದು ಬಂದ.

ಹತ್ತಕ್ಕೆ ಸರಿಯಾಗಿ ಬಿಲ್ಡಿಂಗಿನ ಫ್ಯಾನುಗಳೆಲ್ಲ ನಿಂತವು. ಗದಿಗೆಪ್ಪ ಬ್ಯಾಟರಿಯ ಸ್ವಿಚ್ ಒತ್ತಿದ. ಅವನ ಫ್ಯಾನು ತಿರುಗಿತು.

ಮೊದಲು ಬಂದವಳು ಎದುರು ಮನೆಯ ವಸಂತಿ. ಕೂಸನ್ನು ಫ್ಯಾನಿನ ಕೆಳಗೆ ಮಲಗಿಸಿದಳು. ಹಿಂದೆಯೇ ಪಕ್ಕದ ಮನೆಯ ಸದಾನಂದ, ಬ್ಯಾಟರಿಗೆ ನಡೆಯುವ ಪುಟ್ಟ ಟಿವಿಯನ್ನು ಬಗಲಲ್ಲಿಟ್ಟುಕೊಂಡು. ಹನ್ನೊಂದಕ್ಕೆ ಬಾಗಿಲಲ್ಲಿ ಮದುವೆ ಮನೆಯಷ್ಟು ಚಪ್ಪಲಿ. ಮಲ್ಲವ್ವ ನಾಲ್ಕು ಸಲ ಚಹಾ ಕುದಿಸಿದಳು. ತನ್ನ ಮನೆಯಲ್ಲೇ ಜಾಗ ಸಿಗದೆ ಗದಿಗೆಪ್ಪ ಬಚ್ಚಲ ಮೋರಿಯ ಕಟ್ಟೆಯ ಮೇಲೆ ಕೂತ. ಸುಮ್ಮನೆ ಚೆಕ್ ಮಾಡಲು ಬಂದೆ ಎಂದ ಸತ್ಯಮೂರ್ತಿ ಮಂಚದ ನಟ್ಟನಡುವೆ ಕೂತು, ಸೌಂಡ್ ಸ್ವಲ್ಪ ಹೆಚ್ಚು ಮಾಡಿ ಎಂದ.

ನಾಲ್ಕಕ್ಕೆ ಕರೆಂಟ್ ಬಂತು. ಸತ್ಯಮೂರ್ತಿ ಎದ್ದು ಗಂಟಲು ಸರಿಮಾಡಿಕೊಂಡ.

"ತಪ್ಪಾಯ್ತು ಕಣ್ರೀ ಗದಿಗೆಪ್ಪ. ಪ್ಲೇಟು ಅಲ್ಲೇ ಇರ್ಲಿ. ಬನ್ನಿ, ಒಂದು ಕಾಯಿ ಒಡೆಯೋಣ."

ಮೆರವಣಿಗೆ ಗಚ್ಚಿ ಹತ್ತಿತು. ಗದಿಗೆಪ್ಪ ಮುಂದೆ, ಕಾಯಿ ಹಿಡಿದ ಸತ್ಯಮೂರ್ತಿ ಹಿಂದೆ. ಮೇಲೆ ಪ್ಲೇಟೇ ಕಾಣಲಿಲ್ಲ. ಅಂಚಿನಿಂದ ಅಂಚಿಗೆ ಹಪ್ಪಳ. ಮೂರನೇ ಮಾಳಿಗೆಯ ನೀಲಾಬಾಯಿ ಒಂದೊಂದೇ ಮಗುಚಿ ಹಾಕುತ್ತಿದ್ದಳು.

"ಬಾಯಾರ, ಇದೇನ್ರಿ?" ಗದಿಗೆಪ್ಪ ಒಂದು ಹಪ್ಪಳ ಎತ್ತಿ ಹಿಡಿದು ಕೇಳಿದ.

"ಹಪ್ಪಳಾ ತಮ್ಮಾ. ದೀಪಾವಳಿಯಿಂದ ದಿನಾ ಇಲ್ಲೇ ಹಾಕತೀನಿ. ಭಾಳ ಚಲೋ ಕಾಯತೈತಿ ನಿನ್ನ ಹಲಿಗಿ. ಸಂಜಿಕೆ ಹಸಿ ಅರಿವಿಲೆ ಒರಸೇ ಇಡತೀನಿ."

ಸತ್ಯಮೂರ್ತಿಯ ಬಿ.ಎಸ್ಸಿ. ತಲೆ ಕೆಲಸ ಮಾಡಿತು. "ಅಂದ್ರೆ ಬಿಸಿಲು ಇದರ ಮೇಲೆ ಬಿದ್ದೇ ಇಲ್ಲ. ಬ್ಯಾಟರಿ ತುಂಬ್ಸಿದ್ದು ಮಂಚದ ಕೆಳಗಿನ ಆ ಚಾರ್ಜರ್ರು. ಇಷ್ಟು ಹೊತ್ತು ನಾವು ಕಂಪನಿ ಕರೆಂಟಲ್ಲೇ ಗಾಳಿ ತಗೊಂಡ್ವಿ. ಇಳಿಸ್ರೀ ಇದನ್ನ."

"ಯಾಕೆ ಇಳಿಸ್ಬೇಕು?" ಎಂದಳು ಅವನ ಹೆಂಡತಿ ಪಂಕಜಾ. "ಆ ಕಡೆ ಸಾಲು ನಮ್ಮನೆ ಹಪ್ಪಳ."

ಈ ಕಡೆಯದು ವಸಂತಿಯದು. ನಡುವಿನದು ಸದಾನಂದನ ಮನೆಯದು. ನಿಂತ ಜಾಗದಲ್ಲೇ ಸೊಸೈಟಿಯ ಮೀಟಿಂಗ್ ನಡೆದು ಒಮ್ಮತದ ಠರಾವು ಆಯಿತು: ಪ್ಲೇಟು ಕಾಯಂ. ಸೋಮವಾರದಿಂದ ಶನಿವಾರದವರೆಗೆ ಹಪ್ಪಳಕ್ಕೆ, ಭಾನುವಾರ ಗದಿಗೆಪ್ಪನಿಗೆ.

ಗದಿಗೆಪ್ಪ ಆ ಸಂಜೆಯೇ ಚಾರ್ಜರ್ ಕಿತ್ತು ಅಟ್ಟಕ್ಕೆಸೆದ. ವಾರವಿಡೀ ಮುಳ್ಳು ಸತ್ತಂತೆ ಬಿದ್ದಿತ್ತು. ಮುಂದಿನ ಭಾನುವಾರ ಪ್ಲೇಟಿನ ಪಕ್ಕ ಕೋಲು ಹಿಡಿದು ಬೆಳಿಗ್ಗೆಯಿಂದ ಕಾವಲು ಕೂತ. ಇಳಿಹೊತ್ತಿಗೆ ಮಲ್ಲವ್ವ ಮೆಟ್ಟಿಲಿಂದಲೇ ಕೂಗಿದಳು, "ಇಲ್ಲಿ ಬರ್ರಿ, ಮುಳ್ಳು ಎದ್ದೈತಿ."

ಓಡಿಬಂದು ನೋಡಿದ. ಅರ್ಧಕ್ಕೆ ಏರಿತ್ತು. ಈ ಸಲ ಖರೇ ಸೂರ್ಯಪ್ಪನೇ. ಗದಿಗೆಪ್ಪ ಬಿಲ್ಡಿಂಗಿನವರನ್ನೆಲ್ಲ ಕರೆದು ಮಂಚದ ಸುತ್ತ ನಿಲ್ಲಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದ.

ಕರೆಂಟ್ ಹೋಗಲಿಲ್ಲ.