ಇಪ್ಪತ್ತು ನಿಮಿಷ ಮುಂದಿರುವ ಅಡುಗೆಮನೆ

ಕಂಡವರ ಮನೆಯ ಗಡಿಯಾರವನ್ನೆಲ್ಲ ಸರಿಮಾಡಬೇಕೆಂಬ ಚಪಲ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದಂತೆ. ನನಗೆ ಅದು ನೌಕರಿಯಿಂದ ಬಂತು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು ನಾನು. ಹದಿನೈದು ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ತುಮಕೂರಿನ ಎಷ್ಟೋ ಮಕ್ಕಳ ತಲೆಗೆ ತುರುಕಿದ್ದೇನೆ. ಹೀಗಿದ್ದೂ ಉಪ್ಪಾರಹಳ್ಳಿಯ ನನ್ನ ಸ್ವಂತ ಮನೆಯಲ್ಲಿ ಹಾಲಿಗೂ ಅಡುಗೆಮನೆಗೂ ಇಪ್ಪತ್ತು ನಿಮಿಷದ ವ್ಯತ್ಯಾಸ. ನನ್ನ ಲೆಕ್ಕದ ಪ್ರಕಾರ ನಮ್ಮ ಅಡುಗೆಮನೆ ಹಾಲಿನಿಂದ ಐದು ಡಿಗ್ರಿ ಪೂರ್ವಕ್ಕೆ, ಅಂದರೆ ಹೆಚ್ಚುಕಡಿಮೆ ಕಾಕಿನಾಡದ ಹತ್ತಿರ ಇರಬೇಕು.

ಗಡಿಯಾರವನ್ನು ಹಾಗೆ ಮುಂದಿಟ್ಟವಳು ನನ್ನ ಹೆಂಡತಿ ಸುಶೀಲ. ಕುಣಿಗಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷ ಪುಟ್ಟ ಮಕ್ಕಳಿಗೆ ಪಾಠ ಮಾಡಿದವಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಬೆಳಗಿನ ಬಸ್ಸು ತಪ್ಪಿಸಿಕೊಂಡವಳಲ್ಲ. ನಾನು ಬಿಡುತ್ತೇನೆಯೇ? "ಮುಂದಿದೆ ಅಂತ ನಿಂಗೇ ಗೊತ್ತಲ್ಲ ಕಣೇ. ನೋಡಿದ ತಕ್ಷಣ ಇಪ್ಪತ್ತು ಕಳೀತೀಯ. ಮತ್ತೇನು ಬಂತು ಲಾಭ?" ಎಂದು ಕೇಳಿದರೆ, "ಕಳೆಯೋಷ್ಟರಲ್ಲಿ ಒಂದ್ಸಲ ಎದೆ ಧಸಕ್ ಅಂದಿರುತ್ತಲ್ಲ, ಅದೇ ಲಾಭ" ಎನ್ನುತ್ತಿದ್ದಳು. ಇದು ಅವೈಜ್ಞಾನಿಕ ಎಂದು ನಾನು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದೆ. ಅವಳ ತಮ್ಮ ಶಿವಣ್ಣನಂತೂ ಇನ್ನೊಂದು ಬಗೆ. ಗುಬ್ಬಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಆಸಾಮಿ. "ಗುಬ್ಬಿ ಬಿಟ್ಟೆ ಭಾವ" ಎಂದು ಅವನು ಫೋನಿನಲ್ಲಿ ಹೇಳಿದರೆ, ಈಗತಾನೇ ಸ್ನಾನಕ್ಕೆ ಸೋಪು ಹುಡುಕುತ್ತಿದ್ದಾನೆ ಎಂದರ್ಥ. ಇಂಥ ವಂಶದಲ್ಲಿ ಸರಿಯಾದ ಸಮಯದ ಗೌರವ ಉಳಿಸುವ ಹೊಣೆ ನನ್ನ ಮೇಲೇ ಬಿದ್ದಿದೆ ಎಂದು ನಾನು ನಂಬಿದ್ದೆ.

ಎರಡು ವರ್ಷದ ಹಿಂದೆ ಸುಶೀಲಳ ಶಾಲೆ ಮುಚ್ಚಿಹೋಯಿತು. ಮನೆಯಲ್ಲಿ ಕೂತ ಮೇಲೆ ಅವಳ ಮಾತೇ ಕಡಿಮೆಯಾಯಿತು. ಯಾರಾದರೂ "ಟೀಚರ್" ಎಂದು ಕರೆದರೆ "ಈಗ ಎಲ್ಲಿಯ ಟೀಚರ್ ಬಿಡಿ" ಎನ್ನುತ್ತಿದ್ದಳು. ಅದನ್ನು ಕೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಹೀಗಿರುವಾಗ ಕಳೆದ ಅಕ್ಟೋಬರಿನಲ್ಲಿ ಅವಳ ಹಳೆಯ ಶಿಷ್ಯೆ ರೂಪಾ ಜರ್ಮನಿಯಿಂದ ಮೆಸೇಜ್ ಕಳಿಸಿದಳು. ಅಲ್ಲಿಯ ಕನ್ನಡಿಗರ ಮಕ್ಕಳಿಗೆ ಭಾನುವಾರ ಆನ್‌ಲೈನಿನಲ್ಲಿ ಕನ್ನಡ ಕಲಿಸಲು ಒಬ್ಬರು ಟೀಚರ್ ಬೇಕಂತೆ. ಇನ್ನಿಬ್ಬರೂ ಪ್ರಯತ್ನಿಸುತ್ತಿದ್ದಾರಂತೆ. ತಿಂಗಳ ಕೊನೆಯ ಭಾನುವಾರ, ಅಲ್ಲಿಯ ಬೆಳಿಗ್ಗೆ ಹತ್ತಕ್ಕೆ ಒಂದೇ ಒಂದು ಮಾದರಿ ಪಾಠ.

"ಅಲ್ಲಿ ಹತ್ತು ಅಂದ್ರೆ ಇಲ್ಲಿ ಎಷ್ಟು ರೀ? ರೂಪಂಗೇ ಕೇಳ್ಬಿಡ್ಲಾ?" ಎಂದಳು ಸುಶೀಲ.

"ಭೂಗೋಳದ ಮೇಷ್ಟ್ರನ್ನ ಮನೇಲಿಟ್ಕೊಂಡು ಊರವರನ್ನ ಕೇಳ್ತೀಯಾ?" ಎಂದೆ. ಬಚ್ಚಲಿಗೆ ಹೋಗಿ, ಗುಟ್ಟಾಗಿ ಫೋನಿನಲ್ಲಿ ಆಗಿನ ಜರ್ಮನಿಯ ಸಮಯ ನೋಡಿಕೊಂಡು ಬಂದು, "ಮೂರೂವರೆ ಗಂಟೆ ವ್ಯತ್ಯಾಸ. ಮಧ್ಯಾಹ್ನ ಒಂದೂವರೆ. ಬರೆದಿಟ್ಕೋ" ಎಂದು ಘೋಷಿಸಿದೆ. ಅದು ಗುರುವಾರ.

ಇಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಇಂಥ ಮುಖ್ಯವಾದ ದಿನ ಮನೆಯಲ್ಲಿ ಸುಳ್ಳು ಗಡಿಯಾರ ಇರಬಾರದೆಂದು ಶನಿವಾರ ಸಂಜೆ ಸ್ಟೂಲ್ ಹತ್ತಿ, ಅಡುಗೆಮನೆಯ ಗಡಿಯಾರವನ್ನು ಸೆಕೆಂಡಿನ ಮುಳ್ಳಿನ ಸಮೇತ ಸರಿಮಾಡಿದೆ. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದು ಎಂದು ಯಾರಿಗೂ ಹೇಳಲಿಲ್ಲ.

ಭಾನುವಾರ ಶಿವಣ್ಣ ಊಟಕ್ಕೆ ಬಂದಿದ್ದ. ನಾನು ಹಾಲಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಸುಶೀಲ ರೂಮಿನಲ್ಲಿ ತಯಾರಾಗುತ್ತಿದ್ದಾಳೆಂದು ಕೂತಿದ್ದೆ. ನೋಡಿದರೆ ಅವಳು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲಿ ಬಂದಳು.

"ಇನ್ನೂ ಸೀರೆ ಬದಲಾಯಿಸಿಲ್ವೇನೇ? ಒಂದು ಇಪ್ಪತ್ತೆಂಟು!"

"ಗಾಬರಿ ಮಾಡ್ಬೇಡಿ. ಅಡುಗೆಮನೇಲಿ ಒಂದು ಇಪ್ಪತ್ತೆಂಟು. ಅಂದ್ರೆ ಒಂದು ಎಂಟು."

ನನ್ನ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಅವಳು ನನ್ನ ಮುಖ ನೋಡಿದಳು, ಆಮೇಲೆ ಫೋನ್ ನೋಡಿದಳು.

"ಗಡಿಯಾರಕ್ಕೇನ್ ಮಾಡಿದ್ರಿ?"

"ಸರಿ ಮಾಡ್ದೆ."

"ಸರಿ ಮಾಡಿದ್ರಾ!" ಎಂದವಳೇ ಒಳಗೆ ಓಡಿದಳು. ಚಿತ್ರದ ಕಾರ್ಡುಗಳು ಸಿಗಲಿಲ್ಲ. ಸಿಕ್ಕಾಗ ಕನ್ನಡಕ ಸಿಗಲಿಲ್ಲ. ಅಂತೂ ಅವಳು ಕ್ಯಾಮೆರಾ ಮುಂದೆ ಕೂತಾಗ ಒಂದು ನಲವತ್ತೆರಡು. ಪರದೆಯ ಮೇಲೆ ಅವಳ ಮುಖ ಒಂದೇ ಇತ್ತು. ಐದು ನಿಮಿಷ ಕಾದೆವು. ಹತ್ತು ನಿಮಿಷ ಕಾದೆವು. ರೂಪಾಗೆ ಫೋನ್ ಮಾಡಿದರೆ ಎತ್ತಲಿಲ್ಲ. "ತಪ್ಪಾಯಿತು" ಎಂದು ಮೆಸೇಜ್ ಹಾಕಿದರೆ ನೋಡಲೂ ಇಲ್ಲ.

"ಎದ್ದು ಹೋಗಿದಾರೆ ಕಣ್ರೀ. ಅಲ್ಲೆಲ್ಲ ಟೈಮ್ ಅಂದ್ರೆ ಟೈಮು" ಎಂದು ಸುಶೀಲ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕತೊಡಗಿದಳು. "ಹದಿನೆಂಟು ವರ್ಷದಲ್ಲಿ ಒಂದಿನ ಲೇಟಾಗ್ಲಿಲ್ಲ ನಾನು." ಅವಳು ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅವಳ ಕಣ್ಣು ತುಂಬಿತ್ತು. ನನ್ನ ಇಪ್ಪತ್ತಾರು ವರ್ಷದ ಭೂಗೋಳಕ್ಕಿಷ್ಟು ಬೆಂಕಿ ಹಾಕಬೇಕು ಎನ್ನಿಸಿತು.

"ಏನ್ ಭಾವ, ಮೇಷ್ಟ್ರಾಗಿ ಹಿಂಗ್ ಮಾಡೋದಾ? ನಡೀತಿದ್ ಗಡಿಯಾರ ಯಾಕ್ ಮುಟ್ಟಕ್ ಹೋದ್ರಿ?" ಎಂದ ಶಿವಣ್ಣ. ಜೀವಮಾನದಲ್ಲಿ ಒಂದು ಬಸ್ಸನ್ನೂ ಸಮಯಕ್ಕೆ ಹಿಡಿಯದವನಿಂದ ಅದನ್ನೂ ಕೇಳಿಸಿಕೊಂಡೆ. "ಬುಡಕ್ಕ, ಅಳ್ಬ್ಯಾಡ. ಇನ್ನೊಂದ್ ಗಳಿಗೆ ನೋಡನ."

ಎರಡು ಗಂಟೆಗೆ ಸರಿಯಾಗಿ ರೂಪಾಳ ಫೋನ್ ಬಂತು. "ಮಿಸ್, ಯಾಕ್ ಸಾರಿ? ಸ್ನಾನಕ್ಕೆ ಹೋಗಿದ್ದೆ. ಇಲ್ಲಿನ್ನೂ ಒಂಬತ್ತೂವರೆ, ಮಕ್ಳು ತಿಂಡಿ ತಿಂತಿದಾರೆ. ಬೇಸಿಗೆಗೆ ಅಂತ ಗಡಿಯಾರ ಒಂದು ಗಂಟೆ ಮುಂದಿಟ್ಟಿರ್ತೀವಲ್ಲ, ಇವತ್ತು ಬೆಳಗಿನ ಜಾವ ಹಿಂದಕ್ಕೆ ಹಾಕಿದ್ವಿ. ಪಾಠ ನಿಮಗೆ ಎರಡೂವರೆಗೆ."

ಸುಶೀಲ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಗುರುವಾರದ ನನ್ನ ಮೂರೂವರೆ ಗಂಟೆ ಭಾನುವಾರಕ್ಕೆ ನಾಲ್ಕೂವರೆಯಾಗಿತ್ತು. ನಾನು ಮಾಡಿದ ಎರಡು ತಪ್ಪು ಒಂದಕ್ಕೊಂದು ಹೊಡೆದಾಡಿಕೊಂಡು ಅವಳಿಗೆ ಅರ್ಧ ಗಂಟೆ ಉಳಿಸಿದ್ದವು.

ಪಾಠಕ್ಕೆ ಅವಳು ಕಾರ್ಡುಗಳನ್ನು ಮುಟ್ಟಲೇ ಇಲ್ಲ. ಅಡುಗೆಮನೆಯ ಗಡಿಯಾರವನ್ನೇ ಇಳಿಸಿ ತಂದು, ಮುಳ್ಳು ತಿರುಗಿಸುತ್ತ, "ಗಂಟೆ ಎಷ್ಟು ಮಕ್ಕಳೇ?" ಎಂದು ಕೇಳಿದಳು. ಏಳು ಮಕ್ಕಳು "ಎಂಟೂವರೆ, ಮಿಸ್!" ಎಂದು ಕಿರುಚಿದಾಗ ಎರಡು ವರ್ಷದಿಂದ ಕೇಳದಿದ್ದ ಅವಳ ನಗು ಹಾಲಿನ ತುಂಬ ಕೇಳಿಸಿತು. ಸಂಜೆಯ ಹೊತ್ತಿಗೆ ಕೆಲಸ ಅವಳದೇ ಎಂದು ಮೆಸೇಜ್ ಬಂತು.

ಕಾಫಿ ಕೊಡುತ್ತ ಅವಳು ಕೇಳಿದಳು: "ಅಲ್ರೀ, ಇಡೀ ದೇಶಕ್ಕೆ ದೇಶವೇ ಸೇರ್ಕೊಂಡು ಆರೇಳು ತಿಂಗಳು ಗಡಿಯಾರ ಮುಂದಿಟ್ಕೊಂಡ್ರೆ ಅದು ವಿಜ್ಞಾನ. ನಾನು ಇಪ್ಪತ್ತು ನಿಮಿಷ ಮುಂದಿಟ್ರೆ ಅವೈಜ್ಞಾನಿಕ, ಅಲ್ವಾ?"

ಕಾಫಿ ಬಿಸಿಯಾಗಿದ್ದರಿಂದ ನಾನು ಅದನ್ನು ಊದುತ್ತ ಕೂತೆ. ಈಗ ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿವೆ: ಒಂದು ಉಪ್ಪಾರಹಳ್ಳಿಯದು, ಇನ್ನೊಂದು ಜರ್ಮನಿಯದು. ಎರಡೂ ಇಪ್ಪತ್ತು ನಿಮಿಷ ಮುಂದಿವೆ. ಮಾರ್ಚ್ ಕೊನೆಯ ಭಾನುವಾರ ಜರ್ಮನಿಯದನ್ನು ಒಂದು ಗಂಟೆ ಮುಂದೆ ತಿರುಗಿಸಬೇಕು. ಅದಕ್ಕೆ ಗುಬ್ಬಿಯಿಂದ ಶಿವಣ್ಣ ಬರುತ್ತಾನೆ. ಅವನು ಹತ್ತಿದಾಗ ಸ್ಟೂಲ್ ಅಲ್ಲಾಡದಂತೆ ಹಿಡಿದುಕೊಳ್ಳುವ ಕೆಲಸವನ್ನು ಭೂಗೋಳದ ಮೇಷ್ಟ್ರಿಗೆ ವಹಿಸಲಾಗಿದೆ.