ಮಾವನ ಹೊಟ್ಟೆಯ ಲೈನಿಂಗ್

ನನ್ನ ಸೋದರಮಾವನ ಮನಸ್ಸಿನೊಳಕ್ಕೆ ಊರಿಗೆ ಊರೇ ಹೋಗಿಬರಬಹುದಿತ್ತು. ಹೊಟ್ಟೆಯೊಳಕ್ಕೆ ಮಾತ್ರ ಯಾರಿಗೂ ಪ್ರವೇಶವಿರಲಿಲ್ಲ! ವಾಮದಪದವಿನಲ್ಲಿ ನಲವತ್ತು ವರ್ಷ ರವಿಕೆ ಹೊಲಿದವರು. ಹೊಟ್ಟೆಯುರಿಗೆ ಗುಲಾಬಿ ಬಣ್ಣದ ಗ್ಯಾಸ್ಟ್ರಿಕ್ ಸಿರಪ್ಪು. ತಲೆನೋವಿಗೂ ಅದೇ, ಮೊಣಕಾಲಿಗೂ ಅದೇ. ತೋಡಾರಿನ ಮದುವೆಯೊಂದರಲ್ಲಿ ಬಾಳೆಲೆಯ ತುದಿಗೆ, ಉಪ್ಪಿನ ಪಕ್ಕ, ಎರಡು ಚಮಚ ಸುರಿದುಕೊಂಡರು. ಪಕ್ಕದ ಎಲೆಯವರು ಬಡಿಸುವವರನ್ನು ಕರೆದು, "ನಂಗೂ ಆ ಗುಲಾಬಿ ಗೊಜ್ಜು ಹಾಕಿ" ಎಂದರಂತೆ!

ಎಂಡೋಸ್ಕೋಪಿ ಮಾಡಿಸುವ ಎಂದರೆ, "ಪೈಪು ಇಳಿಸ್ಲಿಕ್ಕೆ ಇದೆಂತ ಬೋರ್‌ವೆಲ್ಲಾ?" ಎನ್ನುವರು.

ಒಂದು ದಿನ ಅತ್ತೆಯ ಫೋನು. ಒಗೆಯುವಾಗ ಮಾವನ ಅಂಗಿಯೊಳಗೆ ಮೂರು ಸಾಲು ಹೊಸ ಹೊಲಿಗೆ ಕಂಡಿದೆ. ತೆಳ್ಳಗಾದಂತೆಲ್ಲ ಈ ಪುಣ್ಯಾತ್ಮ ಅಂಗಿಯನ್ನೂ ಗುಟ್ಟಾಗಿ ಕಿರಿದು ಮಾಡಿಕೊಳ್ಳುತ್ತ ಬಂದಿದ್ದಾರೆ! ಅಂಗಿ ದೊಗಳೆಯಾದರೆ ತಾನೇ ನಮಗೆ ಗೊತ್ತಾಗುವುದು? ನನಗೆ ಕೋಪ ಬಂತು, ಭಯವೂ ಆಯಿತು. ಓದುತ್ತಿದ್ದ ಮೂಡುಬಿದಿರೆಯಿಂದ ಸಿಕ್ಕಿದ ಬಸ್ಸು ಹತ್ತಿದೆ.

ಅಂಗಿಯ ವಿಷಯ ಎತ್ತಿದ ಕೂಡಲೇ ಮಾವ ಮಾತು ತಪ್ಪಿಸಿದರು. "ನೀನು ಅಲ್ಲಿ ಕಲಿಯುವುದಾದ್ರೂ ಎಂತ?"

ಹೇಳಿದೆ: ಹೊಟ್ಟೆಯ ಒಳಪದರದಲ್ಲಿ ಆಸಿಡ್ ಮಾಡುವ ಕೋಶಗಳುಂಟು. ಅವುಗಳ ಪೊರೆಯನ್ನು ಒಳಗಿನ ಹಂದರಕ್ಕೆ ಕಟ್ಟಿ ಹಿಡಿಯುವ ಪ್ರೋಟೀನು ಎಜ್ರಿನ್. ಅದು ಕಡಿಮೆಯಾದರೆ ಪೊರೆಯ ಮಡಿಕೆಗಳು ಸರಿಯಾಗಿ ಮೂಡುವುದಿಲ್ಲ, ಆಸಿಡ್ ಹೊರಗೆ ಬರುವುದಿಲ್ಲ.

"ಲೈನಿಂಗಿಗೆ ಹಾಕುವ ಕಚ್ಚಾ ಹೊಲಿಗೆ! ಅದಿಲ್ಲದಿದ್ರೆ ನೆರಿಗೆ ಕೂರುವುದಿಲ್ಲ."

ನನಗೆ ಒಂದು ವರ್ಷ ಹಿಡಿದ ಪಾಠ!

"ನಂದನ್ನು ಬಿಚ್ಚಿಬಿಡು ಮಾರಾಯ್ತಿ, ಉರಿಯೇ ಬೇಡ."

"ಮತ್ತೆ ಉಂಡದ್ದು ಕರಗುವುದು ಹೇಗೆ ಮಾವ?"

ಮಾವ ಅಂಗಿಯ ಅಂಚು ಎಳೆದುಕೊಂಡು ಕೇಳಿದರು: "ನಿಂಗೆ ನೋಡ್ಲಿಕ್ಕೆ ಮನುಷ್ಯರ ಹೊಟ್ಟೆ ಸಿಗ್ತದಾ?"

"ಸ್ಕೋಪಿಯಲ್ಲಿ ತೆಗೆದ ಚೂರು. ಅವರು ಒಪ್ಪಿ ಸಹಿ ಹಾಕಿದ್ರೆ ಮಾತ್ರ."

ಮರುವಾರ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದರು. ಸಹಿ ಹಾಕಿ ಡಾಕ್ಟರಿಗೆ ಹೇಳಿದರು: "ನಂಗೆ ಎಂತದೂ ಇಲ್ಲ, ಇದು ಇವಳ ಓದಿಗೆ. ಸಾಕಾಗದಿದ್ರೆ ಇನ್ನೂ ಸ್ವಲ್ಪ ಕತ್ತರಿಸಿ. ಬಟ್ಟೆ ಕಡಿಮೆಯಾದ್ರೆ ಹೊಲಿಯುವವರಿಗೆ ಕಷ್ಟ."

ಆ ಚೂರಿನಲ್ಲಿ ಕ್ಯಾನ್ಸರ್ ಇತ್ತು. ತಡವಾಗಿತ್ತು. ಹೊಸವರ್ಷದ ಬಿಸು ಹಬ್ಬದ ಹೊತ್ತಿಗೆ ಮಾವ ಇರಲಿಲ್ಲ.

ಮೊನ್ನೆ ಹೋದಾಗ ಅತ್ತೆ ಕನ್ನಡಕ ಹಾಕಿಕೊಂಡು, ಬ್ಲೇಡು ಹಿಡಿದು, ಮಾವನ ಅಂಗಿಗಳ ಒಳಗಿನ ಆ ಗುಟ್ಟಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಯಾರಿಗೆ ಕೊಡ್ಲಿಕ್ಕೆ ಅತ್ತೆ?"

"ಯಾರಿಗೂ ಅಲ್ಲ. ಇದು ಅವರ ಅಳತೆ ಅಲ್ಲ ಮಗಾ," ಎಂದರು.

ನಾನೂ ಪಕ್ಕದಲ್ಲಿ ಕೂತು ಒಂದು ಅಂಗಿ ತೆಗೆದುಕೊಂಡೆ.