ಮೇಜಿನಿಂದ ಮೂವತ್ತು ಇಂಚು

ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳಿಗೆ, ಮನೆಯಲ್ಲಿ ಒಂದು ತೂಗುದೀಪವನ್ನು ಎಷ್ಟು ಎತ್ತರದಲ್ಲಿ ಹಾಕಬೇಕು ಎನ್ನುವುದೂ ಒಂದು ಪ್ರಶ್ನೆಯೇ? ಕಂಬದ ನೆರಳನ್ನು ಅಳೆದು ಕಂಬದ ಎತ್ತರ ಹೇಳುವ ಲೆಕ್ಕವನ್ನು ಸಾವಿರಾರು ಮಕ್ಕಳ ತಲೆಗೆ ತುಂಬಿದವಳು ನಾನು. ತುಂಬಿತೋ ಇಲ್ಲವೋ, ಅದು ಬೇರೆ ವಿಷಯ.

ಈ ಪ್ರಸಂಗಕ್ಕೆ ಮೂಲ ನಮ್ಮ ಬೀಗಿತ್ತಿ ಗಂಗಮ್ಮನವರು, ಅಂದರೆ ನನ್ನ ಮಗಳು ಸುಮಾಳ ಅತ್ತೆ. ಬಾಗಲಕೋಟೆ ಕಡೆಯವರು, ಈಗ ಯಲಹಂಕದಲ್ಲಿದ್ದಾರೆ. ಸುಮಾಳ ಸೀಮಂತಕ್ಕೆ ಸಹಕಾರನಗರದ ನಮ್ಮ ಮನೆಗೆ ಬಂದಾಗ, ಊಟದ ಮೇಜಿನ ಮುಂದೆ ಕೂತು, ತಟ್ಟೆಯನ್ನು ಮೂಗಿನ ಹತ್ತಿರಕ್ಕೆ ಎತ್ತಿಕೊಂಡು, "ಏನ್ರೀ ಬೀಗರ, ಇಲ್ಲಿ ಬೆಳಕ ಇಲ್ಲಲ್ರೀ! ಬದನಿಕಾಯಿ ಯಾವ್ದು, ಮೆಣಸಿನಕಾಯಿ ಯಾವ್ದು, ಒಂದೂ ತಿಳೀವಲ್ದು" ಎಂದುಬಿಟ್ಟರು. ಎಲ್ಲರೂ ನಕ್ಕರು. ನಮ್ಮ ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಮಾತ್ರ ಆ ಮಾತು ನಾಟಿತು. ಆರು ಬಗೆಯ ಪಲ್ಯ ಮಾಡಿದ್ದೆ, ಒಂದರ ಬಗ್ಗೆಯೂ ಮಾತಿಲ್ಲ. ಕತ್ತಲೆಯ ಬಗ್ಗೆ ಮಾತು!

ಮಗು ಹುಟ್ಟಿತು. ನಾಮಕರಣ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅಷ್ಟರೊಳಗೆ ಊಟದ ಮೇಜಿನ ಮೇಲೆ ಹೊಸ ದೀಪ ಬರಬೇಕು, ಗಂಗಮ್ಮನವರು ತಮ್ಮ ಬಾಯಿಂದಲೇ "ಬೆಳಕು ಚಲೋ ಐತಿ" ಎನ್ನಬೇಕು. ನನ್ನ ಪಾಲಿಗೆ ನಾಮಕರಣದ ಮುಖ್ಯ ಉದ್ದೇಶ ಅದೇ ಆಗಿತ್ತು. ಹೆಸರು ಹೇಗೂ ಇಟ್ಟೇ ಇಡುತ್ತಾರೆ.

ಹಿತ್ತಾಳೆಯ ದೊಡ್ಡ ದೀಪವನ್ನೇ ತಂದೆ. ಮಗುಚಿ ಹಾಕಿದ ಪಾತ್ರೆಯ ಆಕಾರ. ಎಷ್ಟು ಎತ್ತರಕ್ಕೆ ಹಾಕಬೇಕೆಂದು ಫೋನಿನಲ್ಲಿ ಹನ್ನೊಂದು ವಿಡಿಯೋ ನೋಡಿದೆ. ಎಲ್ಲವೂ ಹೇಳಿದ್ದು ಒಂದೇ: ಮೇಜಿನಿಂದ ಮೂವತ್ತು ಇಂಚು. ಆದರೆ ಯಾರೋ ಹೇಳಿದ್ದನ್ನು ಸಾಧಿಸಿ ನೋಡದೆ ಒಪ್ಪಿಕೊಳ್ಳುವುದು ಗಣಿತದವರ ಲಕ್ಷಣವಲ್ಲ. ಯಜಮಾನರನ್ನು ಮೇಜಿನ ಮುಂದೆ ಕೂರಿಸಿ, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಮೂರು ಎತ್ತರಗಳಲ್ಲಿ ಮೂರು ತಟ್ಟೆ ಉಪ್ಪಿಟ್ಟು ತಿನ್ನಿಸಿದೆ. ನಲವತ್ತು ಇಂಚಿನಲ್ಲಿ ಅವರ ಬೋಳುತಲೆ ಥಳಥಳ ಹೊಳೆದು ನನ್ನ ಕಣ್ಣಿಗೆ ಹೊಡೆಯಿತು. ಇಪ್ಪತ್ತರಲ್ಲಿ ಅವರ ಮುಖವೇ ಕಾಣಲಿಲ್ಲ. ಮೂವತ್ತರಲ್ಲಿ ಉಪ್ಪಿಟ್ಟಿನ ಒಂದೊಂದು ಸಾಸಿವೆಯೂ ಎದ್ದು ಕಂಡಿತು.

"ಹೇಗಿದೆ?" ಎಂದೆ.

"ಸಾಕಾಯ್ತು ಕಣೇ" ಎಂದರು.

ನಾನು ಕೇಳಿದ್ದು ಬೆಳಕಿನ ಬಗ್ಗೆ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಾಷಾ ಭಾಯ್ ಬಂದರು. ಎಲ್ಲವನ್ನೂ ನೋಡಿ, "ಮೇಡಂ, ಚೈನ್ ಹಾಕೋಣ. ಬೇಕಂದ್ರೆ ಮೇಲೆ ಎತ್ತಬೋದು, ಬೇಡಾಂದ್ರೆ ಕೆಳಗೆ ಬಿಡಬೋದು" ಎಂದರು.

"ಲೆಕ್ಕ ಗೊತ್ತಿಲ್ಲದವರು ಚೈನ್ ಹಾಕಿಸ್ತಾರೆ ಬಾಷಾ ಭಾಯ್. ನಂಗೆ ಗಟ್ಟಿ ರಾಡೇ ಬೇಕು. ಅಳತೆ ನಾನು ಕೊಡ್ತೀನಿ, ಕಟ್ ಮಾಡಿಸ್ಕೊಂಡು ಬನ್ನಿ."

ಅವರು ಮೇಜನ್ನೊಮ್ಮೆ, ದೀಪವನ್ನೊಮ್ಮೆ ನೋಡಿ ತಲೆ ಕೆರೆದುಕೊಂಡರು. "ಮೇಡಂ, ನಾಳೆ ಈ ಟೇಬಲ್ ಇಲ್ಲಿಂದ ತೆಗೆದ್ರೆ..."

"ಊಟದ ಮೇಜನ್ನ ಯಾರಾದ್ರೂ ತೆಗೀತಾರೇನ್ರೀ? ನೀವು ವೈರ್ ನೋಡ್ಕೊಳ್ಳಿ, ಮೇಜು ನಾನು ನೋಡ್ಕೋತೀನಿ."

ಮಾತು ಅಲ್ಲಿಗೆ ಮುಗಿಯಿತು. ಕೊಡಿಗೇಹಳ್ಳಿ ಗೇಟಿನ ವೆಲ್ಡಿಂಗ್ ಅಂಗಡಿಯಲ್ಲಿ ರಾಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತಯಾರಾಯಿತು. ದೀಪ ನೇತಾಡಿತು. ಸ್ಕೇಲು ಹಿಡಿದು ನೋಡಿದೆ. ಮೂವತ್ತು ಇಂಚು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಾಮಕರಣದ ದಿನ ಬೆಳಿಗ್ಗೆ ನಾನೇ ಆಜ್ಞೆ ಹೊರಡಿಸಿದೆ: "ಊಟದ ಮೇಜು ಎತ್ತಿ ಪೋರ್ಟಿಕೋಗೆ ಹಾಕಿ!" ಮತ್ತಿನ್ನೇನು? ನಲವತ್ತು ಜನ ಬರುತ್ತಾರೆ, ಹಾಲ್ ತುಂಬ ಜಮಖಾನ ಹಾಸಬೇಕು, ತೊಟ್ಟಿಲಿಡಬೇಕು. ನಮ್ಮ ಮನೆಯಲ್ಲಿ ಏನೇ ಶುಭಕಾರ್ಯವಾದರೂ ಮೊದಲು ಹೊರಗೆ ಹೋಗುವುದೇ ಆ ಮೇಜು. ಮೂವತ್ತು ವರ್ಷದಿಂದ ಹೋಗುತ್ತಿದೆ. ಅಂದೂ ಹೋಯಿತು. ದೀಪ ಅಲ್ಲೇ ಉಳಿಯಿತು.

ಮೇಜಿನ ಎತ್ತರ ಮೂವತ್ತು ಇಂಚು, ಅದರ ಮೇಲೆ ಮೂವತ್ತು ಇಂಚು. ಒಟ್ಟು ಅರವತ್ತು, ಅಂದರೆ ನೆಲದಿಂದ ಸರಿಯಾಗಿ ಐದು ಅಡಿ. ಒಂದನೇ ತರಗತಿಯ ಕೂಡುವ ಲೆಕ್ಕ! ನಾನು ಮಾಡಲಿಲ್ಲ. ಮಾಡುವ ಪ್ರಸಂಗವೂ ಬರಲಿಲ್ಲ, ಏಕೆಂದರೆ ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಅಂದು ಅಡಿಗೆಮನೆಯಿಂದ ಹಾಲಿಗೆ ಆ ದೀಪದ ಕೆಳಗೇ ನೂರು ಸಲ ಓಡಾಡಿದ್ದೇನೆ. ಗಾಳಿಯೂ ತಾಗಲಿಲ್ಲ.

ಹೂವು ತರಲು ಹೋಗಿದ್ದ ಯಜಮಾನರು ಒಳಗೆ ಬಂದರು. ಠಣ್!

"ನೋಡ್ಕೊಂಡು ನಡೀಬಾರ್ದೇನ್ರೀ? ಹೊಸ ದೀಪ!" ಎಂದು ಗದರಿ, ದೀಪವೇನಾದರೂ ನೆಗ್ಗಿದೆಯೋ ಎಂದು ಸವರಿ ನೋಡಿದೆ. ಅವರು ತಲೆ ಸವರಿಕೊಂಡು ಹೂವನ್ನು ಒಳಗಿಡಲು ಹೋದರು.

ಹತ್ತು ಗಂಟೆಗೆ ಬೀಗರು ಬಂದಿಳಿದರು. ಅವರ ವಂಶದಲ್ಲಿ ಆರು ಅಡಿಗಿಂತ ಕಡಿಮೆಯಿರುವವರೆಲ್ಲ ಇನ್ನೂ ಚಿಕ್ಕ ಮಕ್ಕಳೆಂದೇ ಲೆಕ್ಕ. ಎಲ್ಲರ ಮುಂದೆ ಗಂಗಮ್ಮನವರ ಗಂಡ, ನಮ್ಮ ಬೀಗರು, ಮೀಸೆ ತೀಡಿಕೊಂಡು, ಎದೆಯೆತ್ತಿ, ನನ್ನ ಕಡೆ ನೋಡಿ ಕೈಮುಗಿಯುತ್ತ ಬಂದರು. ಠಣ್!

"ಏನ್ರೀ ಬೀಗರ, ಗುಡಿಯಾಗಿನ ಗಂಟಿ ತಂದು ಕಟ್ಟೀರೇನು?"

ಅವರನ್ನು ಕೂರಿಸುವಷ್ಟರಲ್ಲಿ ಅವರ ತಮ್ಮ. ಠಣ್! ಚಿಕ್ಕಪ್ಪನಿಗೇನಾಯಿತೆಂದು ನೋಡಲು ಬಂದ ನಮ್ಮ ಅಳಿಯ, ಸುಮಾಳ ಗಂಡ. ಠಣ್! ಐಸ್ ಖಾಲಿಯಾಯಿತು. ಪಲಾವಿಗೆಂದು ಫ್ರೀಜರಿನಲ್ಲಿಟ್ಟಿದ್ದ ಬಟಾಣಿ ಪ್ಯಾಕೆಟ್ಟು ಬೀಗರ ಹಣೆಗೇರಿತು. ಗಂಡನಷ್ಟೇ ಎತ್ತರದ ಗಂಗಮ್ಮನವರು ಮಾತ್ರ ಬಾಗಿಲಲ್ಲೇ ನಿಂತು ದೀಪವನ್ನು ಗಮನವಿಟ್ಟು ನೋಡುತ್ತಿದ್ದರು.

"ರೀ, ದೀಪದ ಪಕ್ಕ ನಿಂತ್ಕೊಂಡು ಬಂದೋರಿಗೆಲ್ಲ ಬಗ್ಗಿ ಅಂತ ಹೇಳ್ರೀ" ಎಂದು ಯಜಮಾನರನ್ನು ಕಾವಲಿಗೆ ಹಾಕಿದೆ. ಅವರು ಸ್ವಭಾವತಃ ಸಂಕೋಚದವರು. ಬಾಯಿಬಿಟ್ಟು ಹೇಳಲಾರದೆ, ತಾವೇ ಬಗ್ಗಿ ತೋರಿಸಿದರು. ನಮಸ್ಕಾರ ಮಾಡುತ್ತಿದ್ದಾರೆಂದುಕೊಂಡ ಕಿರಿಯರು, "ಅಯ್ಯೋ, ನೀವು ಹಿರೇರು, ಬ್ಯಾಡ್ರಿ!" ಎಂದು ಅವರನ್ನು ಹಿಡಿದೆತ್ತಿದರು. ಎದ್ದದ್ದು ನೇರವಾಗಿ ದೀಪಕ್ಕೆ. ಠಣ್!

ಆಗ ನನಗೆ ಮಹತ್ತಾದ ಉಪಾಯ ಹೊಳೆಯಿತು. ಜನ ದೀಪದ ಕೆಳಗೆ ನಡೆಯುವುದರಿಂದ ತಾನೇ ತಲೆ ಬಡಿಯುವುದು? ಅಲ್ಲಿ ನಡೆಯಲು ಜಾಗವೇ ಇಲ್ಲದಿದ್ದರೆ? "ತೊಟ್ಟಿಲು ದೀಪದ ಕೆಳಗೇ ಇಡಿ!" ಎಂದೆ. ಇಟ್ಟರು. ಅರ್ಧ ಗಂಟೆ ಒಂದು ಠಣ್ ಕೂಡ ಕೇಳಲಿಲ್ಲ. ಹೊಳೆಯುವ ಬೆಳಕಿನಲ್ಲಿ ಮೊಮ್ಮಗಳು ದೇವತೆಯ ಹಾಗೆ ಮಲಗಿದ್ದಳು. ನನ್ನ ಕಣ್ಣು ತುಂಬಿ ಬಂತು.

ಹೆಸರಿಡಬೇಕಾದವಳು ಮಗುವಿನ ಸೋದರತ್ತೆ, ಗಂಗಮ್ಮನವರ ಮಗಳು ಸಾವಿತ್ರಿ. ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು, ಐದು ಅಡಿ ಹನ್ನೊಂದು ಇಂಚು. ಅವರ ಕಡೆ ಒಂದು ಪದ್ಧತಿಯಿದೆ. ಸೋದರತ್ತೆ ತೊಟ್ಟಿಲಿನ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು, ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿದ್ದವರು ಏನು ಮಾಡುತ್ತಾರೆ? ನಗುತ್ತ ಥಟ್ಟನೆ ಮೇಲೇಳುತ್ತಾರೆ. ಈ ಸಂಗತಿ ನನಗೆ ಹೊಳೆದದ್ದು ಸಾವಿತ್ರಿ "ಕುರ್ರ್" ಎಂದ ಮೇಲೆ.

"ಏಳಬೇಡಮ್ಮಾ!" ಎಂದು ಕೂಗಿದೆ. ಆರು ಜನ ಒಟ್ಟಿಗೆ ಗುದ್ದಿದರು.

ಠಣ್ಣ್ಣ್!

ಹಿತ್ತಾಳೆಯ ಸದ್ದು ಹಾಲ್ ತುಂಬ ಗುಂಯ್‌ಗುಡುತ್ತಿತ್ತು. ಸಾವಿತ್ರಿ ತಲೆ ಹಿಡಿದು ಜಮಖಾನದ ಮೇಲೆ ಕುಳಿತಳು. ಮಗು ಕಣ್ಣುಬಿಟ್ಟು ದೀಪ ನೋಡಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

ಗಂಗಮ್ಮನವರು ಎದ್ದು ಬಂದರು. ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ತೊಟ್ಟಿಲು ಸರಿಸಿ, ದೀಪದ ಕೆಳಗೆ ನಿಲ್ಲಿಸಿದರು. ನನ್ನ ತಲೆಗೂ ದೀಪಕ್ಕೂ ನಡುವೆ ಬೆರಳು ತೂರಿಸಿದರು. ಎರಡು ಬೆರಳು ಸಲೀಸಾಗಿ ಹೋದವು.

"ಅಳತಿ ಎಲ್ಲಿಂದ ಬಂತು ಅಂತ ಈಗ ತಿಳೀತ್ ನೋಡ್ರಿ!" ಎಂದು ಸಭೆಗೆ ಸಾರಿದರು. "ಈ ಮನ್ಯಾಗ ತಲಿ ಉಳಿಸ್ಕೊಂಡವ್ರು ಇಬ್ರ. ತೊಟ್ಟಿಲದಾಗಿನ ಕೂಸು, ನಮ್ಮ ಬೀಗಿತ್ತಿ."

ಸಾವಿತ್ರಿಯೇ ಮೊದಲು ನಕ್ಕಳು. ಆಮೇಲೆ ಛಾವಣಿ ಹಾರುವಂತೆ ಎಲ್ಲರೂ ನಕ್ಕರು. ಯಜಮಾನರು ಈ ಸಲವೂ ಎಲ್ಲರಿಗಿಂತ ಜೋರು!

"ಬೆಳಕು ಹೇಗಿದೆ ಗಂಗಮ್ಮನವ್ರೇ?" ಎಂದೆ. ನಾಚಿಕೆ ಬಿಟ್ಟೇ ಕೇಳಿದೆ.

"ಬೆಳಕ ಭಾಳ ಚಲೋ ಐತ್ರೀ" ಎಂದರು. "ನಮ್ಮವ್ರಿಗೆಲ್ಲ ಹಗಲಾಗ ನಕ್ಷತ್ರ ಕಂಡ್ವು!"

ಮರುದಿನ ಬಾಷಾ ಭಾಯ್ ಚೈನ್ ಹಿಡಿದು ಬಂದರು. ನಾನು ಕರೆದಿರಲಿಲ್ಲ, ಯಜಮಾನರು ಕರೆದಿದ್ದರು. "ಎಷ್ಟು ಎತ್ತರ ಮೇಡಂ?" ಎಂದು ಕೇಳಿದರು. "ನಿಮಗೆ ತೋಚಿದಷ್ಟು" ಎಂದೆ. ಬೀಗರು ಪೇಟ ಸುತ್ತಿಕೊಂಡು ಬಂದರೂ ತಾಗದಷ್ಟು ಮೇಲಕ್ಕೆ ಏರಿಸಿ ಹೋದರು.

ಈಗ ಆ ದೀಪದ ಮೇಲೆ ದೂಳು ಕೂತಿದೆ. ಸ್ಟೂಲು ಹತ್ತಿ, ಕೈಯೆತ್ತಿ, ತುದಿಗಾಲಲ್ಲಿ ನಿಂತರೂ ನನಗೆ ಎಟುಕುವುದಿಲ್ಲ. ಗಂಗಮ್ಮನವರು ಯಾವಾಗ ಬರುತ್ತಾರೋ ಎಂದು ಒರೆಸುವ ಬಟ್ಟೆ ಹಿಡಿದು ಕಾಯುತ್ತಿದ್ದೇನೆ.